ಪರ್ವತ ಶ್ರೇಣಿಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸುವುದು ಹೇಗೆ?

ಬೆಟ್ಟದ ಚಿತ್ರ ಬಿಡಿಸು ಎಂದರೆ ಬಹುಪಾಲು ಮಕ್ಕಳು ಮೂರು ತ್ರಿಕೋನ ಬರೆದು, ಎರಡರ ಸಂದಿನಲ್ಲಿ ಸೂರ್ಯನನ್ನು ಕೂರಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬೆಟ್ಟಗಳು. ಪರ್ವತ ಶ್ರೇಣಿಯ ಪಾಠ ಶುರುವಾಗಬೇಕಾದದ್ದು ಈ ಚಿತ್ರದಿಂದಲೇ. ಭೂಮಿಯ ಮೇಲೆ ಎತ್ತರದ ಪರ್ವತಗಳು ಒಂಟಿಯಾಗಿ ನಿಂತಿರುವುದು ಕಡಿಮೆ. ಅವು ನೂರಾರು, ಸಾವಿರಾರು ಕಿಲೋಮೀಟರ್ ಉದ್ದಕ್ಕೆ ಸಾಲಾಗಿ ನಿಂತಿವೆ. ಏಕೆ ಸಾಲಾಗಿ? ಈ ಪ್ರಶ್ನೆ ಮಗುವಿಗೆ ತಾನಾಗಿ ಹುಟ್ಟಿದರೆ ಅರ್ಧ ಪಾಠ ಆದಂತೆ.

ಶ್ರೇಣಿಯ ಹೆಸರು, ಉದ್ದ, ಅತಿ ಎತ್ತರದ ಶಿಖರ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದರಿಂದ ಆ ಪ್ರಶ್ನೆ ಹುಟ್ಟುವುದಿಲ್ಲ. ಹೆಸರುಗಳು ಬೇಡವೆಂದಲ್ಲ, ಅವು ಆಮೇಲೆ ಬರಲಿ. ಮಗು ತನ್ನ ಕೈಯಿಂದ ಒಂದು ಮಡಿಕೆಯನ್ನು ಎಬ್ಬಿಸಿದ ಮೇಲೆ "ಹಿಮಾಲಯ ಹೀಗೆ ಎದ್ದದ್ದು" ಎಂದರೆ ಆ ಹೆಸರು ನೆನಪಿನಲ್ಲಿ ನಿಲ್ಲುತ್ತದೆ.

ಇಲ್ಲಿರುವ ಚಟುವಟಿಕೆಗಳಿಗೆಲ್ಲ ಒಂದು ನಿಯಮವಿದೆ, ಅದನ್ನು ದಯವಿಟ್ಟು ಬಿಡಬೇಡಿ. ಪ್ರತಿ ಮಾದರಿ ಮುಗಿದ ಮೇಲೆ "ನಿಜವಾದ ಪರ್ವತಕ್ಕೂ ಇದಕ್ಕೂ ಎಲ್ಲಿ ಹೊಂದುವುದಿಲ್ಲ?" ಎಂದು ಕೇಳಿ. ಟವೆಲ್ ಕಲ್ಲಲ್ಲ, ಟ್ರೇ ಭೂಮಿಯಲ್ಲ. ಆ ವ್ಯತ್ಯಾಸವನ್ನು ಮಕ್ಕಳೇ ಹುಡುಕಬೇಕು. ಒಂದು ಮಾದರಿಯಲ್ಲಿ ಕಂಡ ಕೊರತೆಯೇ ಮುಂದಿನ ಚಟುವಟಿಕೆಗೆ ಕಾರಣವಾಗುವಂತೆ ಕೆಳಗಿನ ಕ್ರಮವನ್ನು ಜೋಡಿಸಿದ್ದೇನೆ. ಎಂಟರಿಂದ ಹದಿಮೂರು ವರ್ಷದ ಮಕ್ಕಳಿಗೆ ಇದು ಹೊಂದುತ್ತದೆ. ಅದಕ್ಕಿಂತ ಚಿಕ್ಕವರಿಗೆ ದಾರ, ಟವೆಲ್ ಮತ್ತು ಸ್ಪಂಜಿನ ಚಟುವಟಿಕೆಗಳು ಸಾಕು. ಎಲ್ಲವನ್ನೂ ಒಂದೇ ದಿನ ಮಾಡಿಸಲು ಹೋಗಬೇಡಿ. ವಾರಕ್ಕೆ ಒಂದೋ ಎರಡೋ ಇದ್ದರೆ ನಡುವಿನ ದಿನಗಳಲ್ಲಿ ಪ್ರಶ್ನೆಗಳು ಬರುತ್ತವೆ.

ಮೊದಲು, ದಾರದಲ್ಲಿ ಶ್ರೇಣಿಗಳು

ಭೂಮಿಯ ಏರುತಗ್ಗುಗಳನ್ನು ಬಣ್ಣದಲ್ಲಿ ತೋರಿಸುವ ಪ್ರಾಕೃತಿಕ ಭೂಪಟ ಒಂದು ಬೇಕು. ಹೆಸರುಗಳನ್ನು ಸದ್ಯಕ್ಕೆ ಓದಬೇಡಿ. ಕಂದು ಬಣ್ಣ ಎಲ್ಲೆಲ್ಲಿ ಉದ್ದನೆಯ ಪಟ್ಟಿಯಾಗಿ ಹರಿದಿದೆಯೋ ಅಲ್ಲೆಲ್ಲ ಮಕ್ಕಳು ಬೆರಳಾಡಿಸಲಿ. ದಕ್ಷಿಣ ಅಮೆರಿಕದ ಪಶ್ಚಿಮದ ಅಂಚು, ಏಷ್ಯಾದ ನಡುವೆ ಬಿಲ್ಲಿನಂತೆ ಬಾಗಿದ ಪಟ್ಟಿ, ಯುರೋಪಿಗೂ ಏಷ್ಯಾಕ್ಕೂ ನಡುವೆ ನೇರ ಗೆರೆಯಂತಿರುವುದು, ಇವನ್ನು ಅವರೇ ಹುಡುಕುತ್ತಾರೆ.

ಆಮೇಲೆ ದಾರ ಕತ್ತರಿಸಿ. 1 ಸೆಂಟಿಮೀಟರ್ ದಾರವೆಂದರೆ 500 ಕಿಲೋಮೀಟರ್ ಎಂದು ಲೆಕ್ಕ ಇಟ್ಟುಕೊಳ್ಳಿ. ಸುಮಾರು 1,200 ಕಿ.ಮೀ. ಉದ್ದದ ಆಲ್ಪ್ಸ್‌ಗೆ 2.4 ಸೆಂ.ಮೀ. ದಾರ, ಸುಮಾರು 2,400 ಕಿ.ಮೀ. ಉದ್ದದ ಹಿಮಾಲಯಕ್ಕೆ 4.8 ಸೆಂ.ಮೀ.; 2,500 ಕಿ.ಮೀ. ಉದ್ದದ ಉರಲ್‌ಗೆ 5, 4,800 ಕಿ.ಮೀ. ಉದ್ದದ ರಾಕಿಗೆ 9.6, 7,000 ಕಿ.ಮೀ. ಉದ್ದದ ಆಂಡಿಸ್‌ಗೆ 14. ಭಾಗಾಕಾರವನ್ನು ಮಕ್ಕಳೇ ಮಾಡಲಿ. ದಾರಗಳನ್ನು ಒಂದರ ಕೆಳಗೊಂದು ಹಾಳೆಗೆ ಅಂಟಿಸಿದ ಮೇಲೆ, ಭೂಮಿಯ ಮೇಲಿನ ಅತಿ ಉದ್ದದ ಶ್ರೇಣಿ ಇನ್ನೂ ಬಂದಿಲ್ಲ ಎಂದು ಹೇಳಿ. ಅದು ಸಾಗರಗಳ ತಳದಲ್ಲಿದೆ. ಮಧ್ಯ ಸಾಗರ ಪರ್ವತ ಶ್ರೇಣಿ ಸುಮಾರು 65,000 ಕಿ.ಮೀ. ಉದ್ದಕ್ಕೆ ಭೂಮಿಯನ್ನು ಸುತ್ತುತ್ತದೆ, ಐಸ್‌ಲ್ಯಾಂಡಿನಂಥ ಕೆಲವೇ ಕಡೆ ನೀರಿನಿಂದ ಮೇಲೆ ಕಾಣುತ್ತದೆ. ಅದಕ್ಕೆ 130 ಸೆಂ.ಮೀ. ದಾರ ಬೇಕು. ಎಂಟು ವರ್ಷದ ಎಷ್ಟೋ ಮಕ್ಕಳ ಎತ್ತರಕ್ಕೆ ಅದು ಸಮ. ಆ ದಾರವನ್ನು ಮಗುವಿನ ಪಕ್ಕದಲ್ಲಿ ತಲೆಯಿಂದ ಪಾದದವರೆಗೆ ಹಿಡಿದು ತೋರಿಸಿ.

ಟವೆಲ್ ಮತ್ತು ಒಂದು ಬಾಗಿಲಿನ ಕಥೆ

ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಎಂಬ ಭೂವಿಜ್ಞಾನಿ ಅಲ್ಲಿನ ಕಡಲತೀರದ ಬಂಡೆಗಳಲ್ಲಿ ಕಲ್ಲಿನ ಪದರಗಳು ಅಲೆಯಲೆಯಾಗಿ ಬಾಗಿರುವುದನ್ನು ನೋಡಿದ. ಗಟ್ಟಿ ಕಲ್ಲು ಹೀಗೆ ಬಾಗುವುದು ಹೇಗೆ? ಅವನು ಮೇಜಿನ ಮೇಲೆ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿದ, ಅವುಗಳ ಮೇಲೆ ಕೀಲಿನಿಂದ ಕಳಚಿದ ಬಾಗಿಲೊಂದನ್ನು ಇಟ್ಟು ಭಾರ ಹೇರಿದ, ಬಳಿಕ ಎರಡು ಬದಿಗಳಿಂದ ಹಲಗೆಗಳನ್ನು ಒತ್ತಿದ. ಬಟ್ಟೆಗಳು ಬಂಡೆಯಲ್ಲಿ ಕಂಡಂತೆಯೇ ಮಡಿಚಿಕೊಂಡವು. 1815ರಲ್ಲಿ ಇದನ್ನು ಪ್ರಕಟಿಸಿದ. ಮಕ್ಕಳಿಗೆ ಈ ಕಥೆ ಹೇಳಿಯೇ ಚಟುವಟಿಕೆ ಆರಂಭಿಸಿ. ತಾವು ಮಾಡಲಿರುವುದು ನಿಜವಾದ ವಿಜ್ಞಾನಿ ಮಾಡಿದ ಪ್ರಯೋಗ ಎಂದು ತಿಳಿದಾಗ ಅವರ ಕೈಗೆ ಬರುವ ಗಾಂಭೀರ್ಯವೇ ಬೇರೆ.

ಬೇರೆ ಬೇರೆ ಬಣ್ಣದ ನಾಲ್ಕು ಟವೆಲ್‌ಗಳನ್ನು ಒಂದರ ಮೇಲೊಂದು ಸಪಾಟಾಗಿ ಹಾಸಿ. ಎರಡೂ ತುದಿಯಲ್ಲಿ ಒಂದೊಂದು ದಪ್ಪ ಪುಸ್ತಕವನ್ನು ನಿಲ್ಲಿಸಿ, ಇಬ್ಬರು ಮಕ್ಕಳು ನಿಧಾನವಾಗಿ ಒಳಕ್ಕೆ ತಳ್ಳಲಿ. ಮೊದಲ ಸಲ ಮೇಲೆ ಭಾರ ಬೇಡ. ನಡುವೆ ಒಂದೇ ದೊಡ್ಡ ಗುಬ್ಬಟೆ ಏಳುತ್ತದೆ, ಒಳಗೆ ಟೊಳ್ಳು. ಈಗ ಟವೆಲ್‌ಗಳನ್ನು ಬಿಡಿಸಿ ಹಾಸಿ, ಮೇಲೊಂದು ಹಲಗೆ ಇಟ್ಟು ಒಂದು ಮಗು ಅಂಗೈಯಿಂದ ಹಗುರವಾಗಿ ಒತ್ತಿ ಹಿಡಿದಿರಲಿ. ಮತ್ತೆ ತಳ್ಳಿ. ಈ ಸಲ ದೊಡ್ಡ ಗುಬ್ಬಟೆಯ ಬದಲು ಸಣ್ಣ ಮಡಿಕೆಗಳು ಹಲವು, ಒತ್ತೊತ್ತಾಗಿ. ಮೇಲಿನ ಭಾರ ಇಲ್ಲದಿದ್ದರೆ ಬಂಡೆಯ ಮಡಿಕೆ ಅರ್ಥವಾಗುವುದಿಲ್ಲ. ಹಾಲ್ ಬಾಗಿಲು ಹೇರಿದ್ದು ಅದಕ್ಕೇ.

ಮಡಿಕೆಗಳ ದಿಕ್ಕನ್ನೂ ನೋಡಿಸಿ. ತಳ್ಳಿದ್ದು ಎಡದಿಂದ ಮತ್ತು ಬಲದಿಂದ, ಮಡಿಕೆ ಉದ್ದಕ್ಕೆ ಹರಡಿದ್ದು ಅದಕ್ಕೆ ಅಡ್ಡಲಾಗಿ. ದಾರದ ಚಟುವಟಿಕೆಯಲ್ಲಿ ಹುಟ್ಟಿದ "ಏಕೆ ಸಾಲಾಗಿ?" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಭೂಮಿಯ ಹೊರಪದರದ ದೊಡ್ಡ ತುಂಡುಗಳನ್ನು ಭೂಫಲಕಗಳು ಎನ್ನುತ್ತಾರೆ. ಅಂಥ ಎರಡು ಫಲಕಗಳು ಎದುರುಬದುರು ಒತ್ತಿಕೊಂಡಾಗ ಅವು ಸೇರುವ ಗೆರೆಯುದ್ದಕ್ಕೂ ನೆಲ ಮಡಿಚಿಕೊಳ್ಳುತ್ತದೆ. ಭಾರತದ ಫಲಕ ಯುರೇಷ್ಯಾ ಫಲಕಕ್ಕೆ ಸುಮಾರು 5 ಕೋಟಿ ವರ್ಷಗಳ ಹಿಂದೆ ತಾಗಲಾರಂಭಿಸಿತು, ಹಿಮಾಲಯ ಎದ್ದಿತು. ನಡುವೆ ಇದ್ದ ಸಮುದ್ರದ ತಳವೂ ಆ ಮಡಿಕೆಯೊಳಗೆ ಸೇರಿ ಮೇಲಕ್ಕೆ ಬಂತು. ಎವರೆಸ್ಟಿನ ತುದಿಯ ಸುಣ್ಣಕಲ್ಲಿನಲ್ಲಿ ಸಮುದ್ರಜೀವಿಗಳ ಪಳೆಯುಳಿಕೆ ಚೂರುಗಳು ಸಿಗುವುದು ಈ ಕಾರಣದಿಂದ. ಇದನ್ನು ಹೇಳಿದ ಕೂಡಲೇ ಮಾತು ಮುಂದುವರಿಸಬೇಡಿ. ಜಗತ್ತಿನ ಅತಿ ಎತ್ತರದ ಜಾಗ ಒಂದು ಕಾಲಕ್ಕೆ ಸಮುದ್ರದ ಅಡಿಯಲ್ಲಿತ್ತು ಎಂಬುದು ಮಗುವಿನ ತಲೆಯಲ್ಲಿ ಇಳಿಯಲು ಸ್ವಲ್ಪ ಹೊತ್ತು ಬೇಕು.

ಮಕ್ಕಳು ದೊಡ್ಡವರಾಗಿದ್ದರೆ ಇದನ್ನೇ ಬಣ್ಣದ ಕ್ಲೇಯಲ್ಲಿ ಮಾಡಿಸಿ. ನಾಲ್ಕು ಬಣ್ಣದ ಪದರ, ಪ್ರತಿಯೊಂದೂ ಪೆನ್ಸಿಲಿನಷ್ಟು ದಪ್ಪ. ತಳ್ಳಿ ಮಡಿಸಿದ ಮೇಲೆ ಬಿಗಿಯಾಗಿ ಹಿಡಿದ ದಾರದಿಂದ ಮಡಿಕೆಯ ನೆತ್ತಿಯನ್ನು ಅಡ್ಡಲಾಗಿ ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಮೇಲ್ಮೈಯಲ್ಲಿ ಬಣ್ಣದ ಪಟ್ಟಿಗಳು ಕಾಣುತ್ತವೆ, ಎಲ್ಲಕ್ಕಿಂತ ಕೆಳಗೆ ಹಾಸಿದ್ದ ಪದರ ನಟ್ಟನಡುವೆ ಬಂದಿರುತ್ತದೆ. ಮೇಲ್ಭಾಗ ಸವೆದುಹೋದ ಶ್ರೇಣಿಯಲ್ಲಿ ಹಳೆಯ ಬಂಡೆ ನಡುವೆ, ಹೊಸದು ಅಕ್ಕಪಕ್ಕ ಕಾಣುವುದು ಹೀಗೆ.

ಬಂಡೆ ಒಡೆಯುತ್ತದೆ: ಮರಳಿನ ಪೆಟ್ಟಿಗೆ

ಹೊಂದದ್ದು ಏನು ಎಂದು ಕೇಳಿದಾಗ ಯಾರಾದರೊಬ್ಬರು "ಕಲ್ಲು ಟವೆಲ್ಲಿನ ಹಾಗೆ ಬಾಗುವುದಿಲ್ಲ, ಒಡೆಯುತ್ತದೆ" ಎನ್ನುತ್ತಾರೆ. ಅದು ಅರ್ಧ ಸರಿ. ಭೂಮಿಯ ಆಳದಲ್ಲಿ ಬಿಸಿ ಮತ್ತು ಒತ್ತಡದಲ್ಲಿ ಕಲ್ಲು ಬಹಳ ನಿಧಾನವಾಗಿ ಬಾಗುತ್ತದೆ. ಮೇಲ್ಭಾಗದಲ್ಲಿ ಒಡೆದು ಒಂದರ ಮೇಲೊಂದು ಜಾರಿ ಹತ್ತುತ್ತದೆ. ಒಡೆಯುವುದನ್ನು ತೋರಿಸಲು ಮರಳು ಬೇಕು. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಚಟುವಟಿಕೆ ಇದು. ಒಂದನ್ನೇ ಮಾಡಿಸಲು ಸಮಯವಿದ್ದರೆ ಇದನ್ನೇ ಮಾಡಿಸಿ.

ಚಪ್ಪಲಿ ಪೆಟ್ಟಿಗೆಯಷ್ಟು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಅದರ ಅಗಲಕ್ಕೆ ಸರಿಯಾಗಿ ಕೂರುವಂತೆ ಗಟ್ಟಿ ರಟ್ಟಿನ ತುಂಡೊಂದನ್ನು ಕತ್ತರಿಸಿ ಒಂದು ತುದಿಯಲ್ಲಿ ನಿಲ್ಲಿಸಿ. ಚೆನ್ನಾಗಿ ಒಣಗಿದ ನುಣುಪು ಮರಳನ್ನು 1 ಸೆಂ.ಮೀ. ದಪ್ಪಕ್ಕೆ ಸುರಿದು, ಅದರ ಮೇಲೆ ತೆಳುವಾಗಿ ಬಣ್ಣದ ಚಾಕ್‌ಪುಡಿ ಉದುರಿಸಿ. ಹೀಗೆ ನಾಲ್ಕು ಪದರ. ಮರಳನ್ನು ಅಂಗೈಯಿಂದ ಒತ್ತಿ ಕೂರಿಸಬೇಡಿ, ಸುರಿದಷ್ಟೇ ಇರಲಿ. ಮರಳು ತೇವವಾಗಿದ್ದರೆ ಹೆಂಟೆಹೆಂಟೆಯಾಗಿ ಬಿರಿಯುತ್ತದೆ, ಏನೂ ಕಾಣುವುದಿಲ್ಲ.

ಈಗ ಒಬ್ಬರು ರಟ್ಟನ್ನು ನೆಟ್ಟಗೆ ಹಿಡಿದು, ಒಂದು ಸಲಕ್ಕೆ ಬೆರಳಗಲ ಮಾತ್ರ ತಳ್ಳಲಿ. ಉಳಿದವರ ಕಣ್ಣು ಡಬ್ಬಿಯ ಬದಿಗೆ. ಮೊದಲು ರಟ್ಟಿನ ಹತ್ತಿರ ಮರಳು ಉಬ್ಬುತ್ತದೆ. ಮತ್ತೊಂದು ಬೆರಳಗಲ ತಳ್ಳಿದಾಗ ಚಾಕ್‌ಪುಡಿಯ ಗೆರೆ ಓರೆಯಾಗಿ ತುಂಡಾಗಿ, ಹಿಂದಿನ ತುಂಡು ಮುಂದಿನ ತುಂಡಿನ ಮೇಲೆ ಹತ್ತಿ ಕೂರುತ್ತದೆ. ಬಿಳಿ ಗೆರೆಯ ಮೇಲೆ ಇರಬೇಕಾದ ಕೆಂಪು ಗೆರೆ ಅಲ್ಲೊಂದು ಕಡೆ ಬಿಳಿ ಗೆರೆಯ ಕೆಳಗೆ ಸೇರಿರುತ್ತದೆ. ಇನ್ನೂ ತಳ್ಳಿದರೆ ಮೊದಲ ಒಡಕಿನ ಮುಂದೆ ಎರಡನೆಯ ಒಡಕು, ಅದರ ಮುಂದೆ ಮೂರನೆಯದು. ಸಾಲಿನ ಹಿಂದೆ ಸಾಲಾಗಿ ಏರಿಗಳು ಏಳುತ್ತವೆ, ರಟ್ಟಿನಿಂದ ಅತಿ ದೂರದ್ದು ಅತಿ ಹೊಸದು ಮತ್ತು ಅತಿ ಗಿಡ್ಡ.

ಹಿಮಾಲಯ ಒಂದೇ ಗೋಡೆಯಲ್ಲ. ಮಹಾ ಹಿಮಾಲಯ, ಮಧ್ಯ ಹಿಮಾಲಯ, ಶಿವಾಲಿಕ್ ಎಂಬ ಸಾಲುಗಳು ಅಲ್ಲಿವೆ. ದಕ್ಷಿಣದ ಅಂಚಿನಲ್ಲಿರುವ ಶಿವಾಲಿಕ್ ಎಲ್ಲಕ್ಕಿಂತ ತಗ್ಗು, ಎಲ್ಲಕ್ಕಿಂತ ಹೊಸದು. ಡಬ್ಬಿಯಲ್ಲಿ ಆ ಮೂರನ್ನೂ ಬೆರಳಿಟ್ಟು ತೋರಿಸಲು ಮಕ್ಕಳಿಗೇ ಹೇಳಿ.

ಎಲ್ಲ ಶ್ರೇಣಿಗಳೂ ಒತ್ತುವಿಕೆಯಿಂದಲೇ ಮಡಿಚಿದವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಿ. ನೆಲ ಎಳೆದಂತಾಗಿ ಒಡೆದು ಒಂದು ತುಂಡು ಕುಸಿದರೆ ಅಕ್ಕಪಕ್ಕದ ತುಂಡುಗಳು ಎತ್ತರವಾಗಿ ಉಳಿಯುತ್ತವೆ. ಮೂರು ಮರದ ತುಂಡುಗಳನ್ನು ಎರಡು ಕೈಗಳ ನಡುವೆ ಹಿಡಿದು ಹಿಡಿತ ಸಡಿಲಿಸಿದರೆ ನಡುವಿನದು ಜಾರುವುದು ಕಾಣುತ್ತದೆ. ಪಶ್ಚಿಮ ಘಟ್ಟ ಮಡಿಕೆ ಪರ್ವತವಲ್ಲ, ಪ್ರಸ್ಥಭೂಮಿಯ ಕಡಿದಾದ ಅಂಚು. ಆಂಡಿಸ್‌ನಲ್ಲಿ ಸಾಗರದ ತಳದ ಫಲಕ ಖಂಡದ ಅಡಿಗೆ ನುಗ್ಗುತ್ತದೆ, ಆದ್ದರಿಂದ ಅಲ್ಲಿ ಜ್ವಾಲಾಮುಖಿಗಳೂ ಸಾಲಾಗಿ ನಿಂತಿವೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಮಾಡುವ ನೊರೆಯ ಜ್ವಾಲಾಮುಖಿಯನ್ನು ಮಾತ್ರ ಈ ಪಾಠದಲ್ಲಿ ಸೇರಿಸಬೇಡಿ ಎಂದು ನನ್ನ ಸಲಹೆ. ಅದು ರಸಾಯನಶಾಸ್ತ್ರದ ಒಳ್ಳೆಯ ಪ್ರಯೋಗ. ಪರ್ವತ ಹೇಗೆ ಬೆಳೆಯುತ್ತದೆ ಎಂಬುದನ್ನು ಅದು ತೋರಿಸುವುದಿಲ್ಲ.

ಕಾಲದ ಅಳತೆ

ಮರಳಿನ ಪೆಟ್ಟಿಗೆಯ ದೊಡ್ಡ ಸುಳ್ಳು ಅದರ ವೇಗ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿಯುತ್ತದೆ. ಪ್ರತಿ ಮಗುವೂ ತನ್ನ ವಯಸ್ಸನ್ನು ಐದರಿಂದ ಗುಣಿಸಿ, ಅಷ್ಟು ಉದ್ದದ ಗೆರೆಯನ್ನು ನೆಲದ ಮೇಲೆ ಚಾಕ್‌ನಿಂದ ಎಳೆಯಲಿ. ಹತ್ತು ವರ್ಷದ ಮಗುವಿಗೆ ಅರ್ಧ ಮೀಟರ್: ನೀನು ಹುಟ್ಟಿದಂದಿನಿಂದ ಇಡೀ ಉಪಖಂಡ ಇಷ್ಟು ಸರಿದಿದೆ. ಪಕ್ಕದಲ್ಲಿ ನಿಮ್ಮ ಗೆರೆಯನ್ನೂ, ಮನೆಯ ಹಿರಿಯರ ಗೆರೆಯನ್ನೂ ಎಳೆಯಿರಿ.

ಉಗುರಿನ ಬುಡದಲ್ಲಿ ಉಗುರುಬಣ್ಣದ ಚುಕ್ಕೆ ಇಟ್ಟು ಒಂದು ತಿಂಗಳು ಬಿಟ್ಟು ಅಳೆಯಿರಿ. ಮೂರು ಮಿಲಿಮೀಟರಿನಷ್ಟು ಮುಂದೆ ಬಂದಿರುತ್ತದೆ. ಫಲಕದ ವೇಗವೂ ಹೆಚ್ಚುಕಡಿಮೆ ಇದೇ.

ಏಳುವುದು, ಸವೆಯುವುದು

ಉದ್ದನೆಯ ಟ್ರೇ ಒಂದರ ಒಂದು ತುದಿಯನ್ನು ಎರಡು ಪುಸ್ತಕಗಳಷ್ಟು ಎತ್ತರಿಸಿ. ಮೇಲಿನ ಅರ್ಧದಲ್ಲಿ ಒದ್ದೆ ಮರಳಿನ ಏರಿ ಕಟ್ಟಿ, ಒಳಗೆ ಅಲ್ಲಲ್ಲಿ ಚಪ್ಪಟೆ ಕಲ್ಲುಗಳನ್ನು ಓರೆಯಾಗಿ ಹುದುಗಿಸಿ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಏಳೆಂಟು ತೂತು ಮಾಡಿದರೆ ಮಳೆ ಸಿದ್ಧ. ಸುರಿಸುವ ಮೊದಲು ಏರಿಯ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ.

ಮೊದಲ ಎರಡು ನಿಮಿಷ ಯಾರೂ ಮಾತಾಡದೆ ನೋಡಲಿ. ನೀರು ಎಲ್ಲೆಡೆ ಸಮನಾಗಿ ಇಳಿಯುವುದಿಲ್ಲ. ಎಲ್ಲೋ ಒಂದು ಕಡೆ ಸಣ್ಣ ಗೀರು ಬೀಳುತ್ತದೆ, ಪಕ್ಕದ ನೀರೂ ಅದರೊಳಗೆ ಸೇರುತ್ತದೆ, ಗೀರು ಆಳವಾಗುತ್ತದೆ, ಅದರ ತುದಿ ಹಿಂದಕ್ಕೆ ಮೇಲ್ಮುಖವಾಗಿ ಕೊರೆಯುತ್ತ ಹೋಗುತ್ತದೆ. ಹುದುಗಿಸಿದ ಕಲ್ಲಿನ ತುದಿ ಹೊರಬಂದ ಕೂಡಲೇ ಗೀರು ಅದನ್ನು ಬಳಸಿಕೊಂಡು ಹೋಗುತ್ತದೆ. ಕೊನೆಗೆ ಮೆತ್ತನೆಯದು ಹೋಗಿ ಗಟ್ಟಿಯದು ಶಿಖರವಾಗಿ ಉಳಿಯುತ್ತದೆ. ಟ್ರೇಯ ಕೆಳಗಿನ ತುದಿಯಲ್ಲಿ ಮರಳು ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡಿರುತ್ತದೆ. ಗಂಗಾ, ಬ್ರಹ್ಮಪುತ್ರಾ ನದಿಗಳು ಹಿಮಾಲಯದಿಂದ ಹೊತ್ತು ತಂದ ಹೂಳು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿ.ಮೀ. ಉದ್ದದ ಇಂಥದೇ ಬೀಸಣಿಗೆಯನ್ನು ಕಟ್ಟಿದೆ.

"ಹಾಗಾದರೆ ಹಿಮಾಲಯ ಇನ್ನೂ ಏಕೆ ಮುಗಿದುಹೋಗಿಲ್ಲ?" ಯಾರೂ ಕೇಳದಿದ್ದರೆ ನೀವೇ ಕೇಳಿ. ಉತ್ತರಕ್ಕೆ ಇನ್ನೊಂದು ಸುತ್ತು ಮಾಡಿ. ಟ್ರೇಯ ಮೇಲಿನ ಭಾಗದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಏರಿ ಕಟ್ಟಿ. ಒಬ್ಬರು ಮಳೆ ಸುರಿಸುತ್ತಿರುವಾಗ ಇನ್ನೊಬ್ಬರು ಹಾಳೆಯ ಅಡಿಗೆ ತೆಳುವಾದ ಹಲಗೆಗಳನ್ನು ಒಂದೊಂದಾಗಿ ತೂರಿಸುತ್ತ ಏರಿಯನ್ನು ಎತ್ತಲಿ. ಎತ್ತುವವರು ಗೆದ್ದರೆ ಪರ್ವತ ಬೆಳೆಯುತ್ತದೆ. ಎತ್ತುವುದು ನಿಂತು ಮಳೆ ಮಾತ್ರ ಮುಂದುವರಿದರೆ ಶ್ರೇಣಿ ತಗ್ಗುತ್ತ, ದುಂಡಗಾಗುತ್ತ ಬರುತ್ತದೆ. ಎವರೆಸ್ಟ್ 8,848.86 ಮೀಟರ್, ಅಮೆರಿಕದ ಪೂರ್ವದಲ್ಲಿರುವ ಬಹಳ ಹಳೆಯ ಅಪಲಾಚಿಯನ್ ಶ್ರೇಣಿಯ ಅತಿ ಎತ್ತರದ ಮೌಂಟ್ ಮಿಚೆಲ್ 2,037 ಮೀಟರ್. ಅಲ್ಲಿ ಎತ್ತುವವರು ಕೈ ಬಿಟ್ಟು ಕೋಟಿಗಟ್ಟಲೆ ವರ್ಷಗಳಾಗಿವೆ.

ಮಂಜುಗಡ್ಡೆಯೂ ಕೊರೆಯುತ್ತದೆ. ಲೋಟದ ತಳದಲ್ಲಿ ಮರಳು ಮತ್ತು ಸಣ್ಣ ಜಲ್ಲಿ ಹಾಕಿ ನೀರು ತುಂಬಿ ಗಡ್ಡೆಗಟ್ಟಿಸಿ. ಹೊರತೆಗೆದು, ಜಲ್ಲಿ ಇರುವ ಮುಖ ಕೆಳಗಾಗಿ, ಹೊಸ ಸೋಪಿನ ಮೇಲೆ ಒತ್ತಿ ಒಂದೇ ದಿಕ್ಕಿಗೆ ಎಳೆಯಿರಿ. ಸೋಪಿನ ಮೇಲೆ ಸಮಾನಾಂತರ ಗೀರುಗಳು ಮೂಡುತ್ತವೆ. ಕರಗಿ ಮಾಯವಾದ ಹಿಮನದಿಗಳು ಯಾವ ಜಾಡಿನಲ್ಲಿ ಹರಿದಿದ್ದವು ಎಂಬುದನ್ನು ಭೂವಿಜ್ಞಾನಿಗಳು ಬಂಡೆಯ ಮೇಲಿನ ಇಂಥ ಗೀರುಗಳಿಂದಲೇ ಓದುತ್ತಾರೆ.

ಸ್ಪಂಜಿನ ಮೋಡ

ಇದು ಪ್ರಯೋಗಕ್ಕಿಂತ ಅಭಿನಯ, ಹಾಗೆಂದೇ ಮಕ್ಕಳಿಗೆ ಹೇಳಿ. ಕ್ಲೇಯಲ್ಲೋ ಮರಳಿನಲ್ಲೋ ಮಾಡಿದ ಶ್ರೇಣಿಯ ಒಂದು ಬದಿಯಿಂದ ನೀರು ತುಂಬಿದ ಸ್ಪಂಜನ್ನು ಮೇಲಕ್ಕೆ ಒಯ್ಯುತ್ತ, ಏರಿದಂತೆಲ್ಲ ಹೆಚ್ಚು ಹೆಚ್ಚು ಹಿಂಡಿ. ಗಾಳಿ ಮೇಲೇರಿದಂತೆ ತಣ್ಣಗಾಗುತ್ತದೆ, ಅದರಲ್ಲಿದ್ದ ನೀರಾವಿ ಹನಿಯಾಗಿ ಬೀಳುತ್ತದೆ. ನೆತ್ತಿ ದಾಟಿದಾಗ ಸ್ಪಂಜಿನಲ್ಲಿ ನೀರು ಉಳಿದಿರುವುದಿಲ್ಲ. ಆಚೆ ಬದಿ ಒಣ. ಇದೇ ಮಳೆ ನೆರಳಿನ ಪ್ರದೇಶ. ಆಂಡಿಸ್‌ನ ಪೂರ್ವಕ್ಕೆ ಅಮೆಜಾನ್ ಕಾಡು, ಪಶ್ಚಿಮಕ್ಕೆ ಅಟಕಾಮಾ ಮರುಭೂಮಿ ಇರಲು ಇದೂ ಒಂದು ಕಾರಣ.

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಇದನ್ನು ಕೊಡಿ: ಸಾಮಾನ್ಯವಾಗಿ ಪ್ರತಿ 1,000 ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬುಡದಲ್ಲಿ 30 ಡಿಗ್ರಿ ಇದ್ದರೆ ಎಷ್ಟು ಎತ್ತರದಲ್ಲಿ ನೀರು ಹೆಪ್ಪುಗಟ್ಟುತ್ತದೆ? ಸುಮಾರು 4,600 ಮೀಟರ್. ಸಮಭಾಜಕ ವೃತ್ತದ ಹತ್ತಿರವೇ ಇದ್ದರೂ 5,895 ಮೀಟರ್ ಎತ್ತರದ ಕಿಲಿಮಂಜಾರೋದ ನೆತ್ತಿಯಲ್ಲಿ ಹಿಮ ಏಕಿದೆ ಎಂಬುದು ಆಗ ಅವರೇ ಹೇಳುತ್ತಾರೆ.

ಮುಷ್ಟಿಯ ಮೇಲೆ ನಕ್ಷೆ

ಮುಷ್ಟಿ ಬಿಗಿದರೆ ನಾಲ್ಕು ಗೆಣ್ಣುಗಳು ಶಿಖರಗಳಾಗಿ ನಿಲ್ಲುತ್ತವೆ. ನೀರಿನಲ್ಲಿ ತೊಳೆದರೆ ಹೋಗುವ ಪೆನ್ನಿನಿಂದ ಪ್ರತಿ ಗೆಣ್ಣಿನ ತುದಿಗೂ ಒಂದು ಸಣ್ಣ ವೃತ್ತ ಬರೆಯಿರಿ. ಅದರ ಕೆಳಗೆ, ಎತ್ತರ ಎಲ್ಲ ಕಡೆ ಒಂದೇ ಇರುವಂತೆ ಎರಡನೆಯ ಗೆರೆ. ಅದು ಎರಡು ಗೆಣ್ಣುಗಳನ್ನು ಒಟ್ಟಿಗೆ ಸುತ್ತುತ್ತದೆ. ಮೂರನೆಯ ಗೆರೆ ನಾಲ್ಕನ್ನೂ ಒಂದೇ ಬಳೆಯಲ್ಲಿ ಹಿಡಿಯುತ್ತದೆ. ಮೇಲೆ ಬೇರೆ ಬೇರೆ ಶಿಖರ, ಕೆಳಗೆ ಒಂದೇ ಬುಡ: ಶ್ರೇಣಿ ಎಂದರೆ ಇದು. ಎರಡು ಗೆಣ್ಣುಗಳ ನಡುವಿನ ತಗ್ಗು ಜನ ದಾಟುವ ಕಣಿವೆದಾರಿ. ಈಗ ಮುಷ್ಟಿ ಬಿಡಿಸಿ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಡಿ. ಗೆರೆಗಳು ನಕ್ಷೆಯಾಗಿವೆ. ಮುಷ್ಟಿಯಲ್ಲಿ ಕಡಿದಾಗಿದ್ದ ಬದಿಯಲ್ಲಿ ಅವು ಹತ್ತಿರ ಹತ್ತಿರ, ಇಳಿಜಾರು ನಿಧಾನವಾಗಿದ್ದ ಕಡೆ ದೂರ ದೂರ.

ಇವೇ ಸಮೋನ್ನತಿ ರೇಖೆಗಳು. 1774ರಲ್ಲಿ ಸ್ಕಾಟ್ಲೆಂಡಿನ ಷಿಹಾಲಿಯನ್ ಬೆಟ್ಟದ ಗುರುತ್ವವನ್ನು ಅಳೆದು ಭೂಮಿಯ ಸಾಂದ್ರತೆ ಕಂಡುಹಿಡಿಯುವ ಪ್ರಯತ್ನ ನಡೆಯಿತು. ಬೆಟ್ಟದ ಗಾತ್ರ ಲೆಕ್ಕಹಾಕಬೇಕಾಗಿ ಬಂದಾಗ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞ ಸಮಾನ ಎತ್ತರದ ಬಿಂದುಗಳನ್ನು ಗೆರೆಗಳಿಂದ ಜೋಡಿಸಿಯೇ ಕೆಲಸ ಸಾಧಿಸಿದ.

ಕೊನೆಯದಾಗಿ ಉಬ್ಬು ನಕ್ಷೆ, ಆದರೆ ಪ್ರಾಮಾಣಿಕವಾಗಿ

ಕಾಗದದ ಮುದ್ದೆಯಿಂದ ಶ್ರೇಣಿಯ ಉಬ್ಬು ನಕ್ಷೆ ಮಾಡಿಸುವುದು ಎಲ್ಲರಿಗೂ ಗೊತ್ತು: ನೆನೆಸಿ ರುಬ್ಬಿದ ಹಳೆಯ ಕಾಗದಕ್ಕೆ ಅಂಟು ಬೆರೆಸಿ ಹಲಗೆಯ ಮೇಲೆ ಕಟ್ಟುವುದು, ಎರಡು ಮೂರು ದಿನ ಒಣಗಿಸುವುದು, ಬಣ್ಣ ಬಳಿಯುವುದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಳತೆಯ ವಿಷಯ ಮಾತ್ರ ಹೇಳಬೇಕು, ಏಕೆಂದರೆ ಬಹಳಷ್ಟು ಮಾದರಿಗಳು ತಪ್ಪು ಕಲಿಸುವುದು ಅಲ್ಲಿಯೇ.

1 ಸೆಂ.ಮೀ.ಗೆ 50 ಕಿ.ಮೀ. ಎಂದು ಇಟ್ಟುಕೊಂಡರೆ ಹಿಮಾಲಯದ ಉದ್ದ 48 ಸೆಂ.ಮೀ. ಅದೇ ಅಳತೆಯಲ್ಲಿ ಎವರೆಸ್ಟಿನ ಎತ್ತರ 2 ಮಿಲಿಮೀಟರಿಗಿಂತ ಕಡಿಮೆ. ಹಾಗೆ ಮಾಡಿದರೆ ಕಣ್ಣಿಗೆ ಕಾಣದು, ಆದ್ದರಿಂದ ಎತ್ತರವನ್ನು ಇಪ್ಪತ್ತು ಪಟ್ಟು ಹಿಗ್ಗಿಸಿ 3.5 ಸೆಂ.ಮೀ. ಮಾಡಿ. ಹಿಗ್ಗಿಸುವುದು ತಪ್ಪಲ್ಲ, ಹೇಳದೆ ಹಿಗ್ಗಿಸುವುದು ತಪ್ಪು. "ಎತ್ತರವನ್ನು 20 ಪಟ್ಟು ಹೆಚ್ಚಿಸಿದೆ" ಎಂದು ಹಲಗೆಯ ಅಂಚಿನಲ್ಲಿ ಮಕ್ಕಳ ಕೈಯಿಂದಲೇ ಬರೆಸಿ.

30 ಸೆಂ.ಮೀ. ವ್ಯಾಸದ ಗ್ಲೋಬ್ ಸಿಕ್ಕರೆ ಇನ್ನೊಂದನ್ನು ಮಾಡಿ. 5.5 ಸೆಂ.ಮೀ. ಉದ್ದದ ಸಾಧಾರಣ ಕಾಗದದ ಪಟ್ಟಿ ಎರಡನ್ನು ಒಂದರ ಮೇಲೊಂದಿಟ್ಟು ಹಿಮಾಲಯದ ಜಾಗದಲ್ಲಿ ಹಿಡಿಯಿರಿ. ಆ ಎರಡು ಹಾಳೆಗಳ ದಪ್ಪ, ಅಂದರೆ ಸುಮಾರು 0.2 ಮಿಲಿಮೀಟರ್, ಆ ಗ್ಲೋಬಿನ ಮೇಲೆ ಎವರೆಸ್ಟಿನ ನಿಜವಾದ ಎತ್ತರ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅಂಚು ತಿಳಿಯುತ್ತದೆ, ಅಷ್ಟೆ.

ಮಕ್ಕಳು ಎಷ್ಟು ಗ್ರಹಿಸಿದ್ದಾರೆ ಎಂದು ತಿಳಿಯಲು ಪ್ರಶ್ನೆಪತ್ರಿಕೆ ಬೇಡ. ಆಲ್ಪ್ಸ್ ಮತ್ತು ಉರಲ್ ಶ್ರೇಣಿಗಳ ಒಂದೊಂದು ಛಾಯಾಚಿತ್ರವನ್ನು ಹೆಸರು ಮುಚ್ಚಿ ತೋರಿಸಿ, ಯಾವುದು ಹಳೆಯದಿರಬಹುದು, ಏಕೆ ಎಂದು ಕೇಳಿ. ಟ್ರೇಯ ಮಳೆಯನ್ನೋ ಸೋಪಿನ ಗೀರನ್ನೋ ನೆನೆದು ಕಾರಣ ಕೊಟ್ಟರೆ ಅವರಿಗೆ ತಿಳಿದಿದೆ ಎಂದರ್ಥ. "ಇದು ದೊಡ್ಡದು, ಅದಕ್ಕೇ ಹಳೆಯದು" ಎಂದರೆ ಏರಿ ಎತ್ತುವ ಆಟವನ್ನು ಇನ್ನೊಮ್ಮೆ ಆಡಿಸಿ, ಈ ಸಲ ಹಲಗೆ ತೂರಿಸುವ ಕೆಲಸವನ್ನು ಆ ಮಗುವಿಗೇ ಕೊಡಿ.